ಕೆಲವೇ ವಾರ ಮುಂಚೆ ಹುಟ್ಟಿದ ಶಿಶುಗಳು: ಹಾಲೂಡಿಕೆ, ತೂಕ ಮತ್ತು ಗ್ರಾಮ ಪಂಚಾಯಿತಿಯ ಗಮನಕ್ಕೆ ಬರಬೇಕಾದ ಸಂಗತಿಗಳು

ಗರ್ಭಿಣಿಯ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಹೆರಿಗೆಯ ನಿರೀಕ್ಷಿತ ದಿನಾಂಕವು 280ನೆಯ ದಿನಕ್ಕೆ, ಅಂದರೆ 40 ವಾರಗಳಿಗೆ ಬರುತ್ತದೆ. 37 ವಾರಗಳು ಪೂರ್ಣಗೊಳ್ಳುವ ಮೊದಲೇ ಜನಿಸಿದ ಶಿಶುವನ್ನು ಅವಧಿಪೂರ್ವ ಶಿಶು ಎಂದು ಪರಿಗಣಿಸಲಾಗುತ್ತದೆ. ಇವುಗಳಲ್ಲಿ 28 ಅಥವಾ 30 ವಾರಕ್ಕೇ ಜನಿಸಿ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ ವಾರಗಟ್ಟಲೆ ಉಳಿಯುವ ಶಿಶುಗಳ ವಿಷಯವು ಹೇಗಾದರೂ ಎಲ್ಲರ ಗಮನಕ್ಕೆ ಬರುತ್ತದೆ. 34 ವಾರ ತುಂಬಿ 37 ವಾರ ತುಂಬುವುದರೊಳಗೆ ಹುಟ್ಟುವ ಶಿಶುಗಳ ಸ್ಥಿತಿ ಹಾಗಿಲ್ಲ. ಇವು ತಾಯಿಯ ಮಗ್ಗುಲಲ್ಲೇ ಮಲಗಿರುತ್ತವೆ, ಅಳುತ್ತವೆ, ಕಣ್ಣು ತೆರೆಯುತ್ತವೆ, ಬಹುಪಾಲು ಸಂದರ್ಭಗಳಲ್ಲಿ ಕೆಲವೇ ದಿನಗಳಲ್ಲಿ ಮನೆಗೂ ಬರುತ್ತವೆ. ಅವಧಿಪೂರ್ವ ಶಿಶುಗಳಲ್ಲಿ ಅತಿ ದೊಡ್ಡ ಪಾಲು ಇಂತಹವುಗಳದ್ದೇ ಆಗಿದೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 1.34 ಕೋಟಿ ಶಿಶುಗಳು ಅವಧಿಗೆ ಮುನ್ನ ಜನಿಸಿದವೆಂದೂ ಅವುಗಳಲ್ಲಿ ಸುಮಾರು 30 ಲಕ್ಷ ಭಾರತದಲ್ಲಿ ಜನಿಸಿದವೆಂದೂ ಅಂದಾಜಿಸಲಾಗಿದೆ. ಆದ್ದರಿಂದ ಬಹುತೇಕ ಪ್ರತಿ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲೂ ವರ್ಷಕ್ಕೆ ಇಂತಹ ಕೆಲವು ಶಿಶುಗಳಾದರೂ ಇರುತ್ತವೆ. ಅವು ಯಾರ ಪಟ್ಟಿಯಲ್ಲಿ ಕಾಣಿಸುತ್ತಿವೆ ಎಂಬುದೇ ಇಲ್ಲಿನ ಪ್ರಶ್ನೆ.

ಕಾಣಿಸದಿರಲು ಮೊದಲ ಕಾರಣ ಎಣಿಕೆಯ ರೀತಿ. ಮನೆಗಳಲ್ಲಿ ಬಸಿರನ್ನು ಎಣಿಸುವುದು ತಿಂಗಳಿನಲ್ಲಿ; ಆಸ್ಪತ್ರೆಯಲ್ಲಿ ಎಣಿಸುವುದು ವಾರದಲ್ಲಿ. 'ಒಂಬತ್ತರಲ್ಲಿ ಬಿದ್ದಿತ್ತು, ಆಮೇಲೆಯೇ ಹೆರಿಗೆಯಾಯಿತು' ಎಂದರೆ ಮನೆಯವರ ದೃಷ್ಟಿಯಲ್ಲಿ ಮಗು ದಿನ ತುಂಬಿ ಹುಟ್ಟಿತು ಎಂದೇ ಅರ್ಥ. ಲೆಕ್ಕ ಹಾಕಿ ನೋಡಿದರೆ ಎಂಟು ತಿಂಗಳು ಪೂರ್ತಿಯಾಗುವುದು ಸುಮಾರು 243 ದಿನಗಳಿಗೆ, ಅಂದರೆ 34 ವಾರ 5 ದಿನಗಳಿಗೆ. 37 ವಾರ ತುಂಬುವುದು 259 ದಿನಗಳಿಗೆ. ಅಂದಮೇಲೆ ಒಂಬತ್ತನೆಯ ತಿಂಗಳಿಗೆ ಬಿದ್ದ ಮೊದಲ ಹದಿನೈದು ದಿನಗಳಲ್ಲಿ ಹುಟ್ಟಿದ ಮಗು, ಮನೆಯವರು ಏನೇ ಹೇಳಿದರೂ, ಅವಧಿಪೂರ್ವ ಶಿಶುವೇ ಆಗಿರುತ್ತದೆ. ಏಳು ತಿಂಗಳ ಮಗು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ಹಳೆಯ ಮಾತಿಗೂ ಆಧಾರವಿಲ್ಲ. ಪೂರ್ಣಾವಧಿಯ ತನಕ ಗರ್ಭದಲ್ಲಿ ಕಳೆಯುವ ಪ್ರತಿಯೊಂದು ವಾರವೂ ಸಾಮಾನ್ಯವಾಗಿ ಶಿಶುವಿಗೆ ಲಾಭವೇ.

ಎರಡನೆಯ ಕಾರಣ ತೂಕ. ಜನನ ತೂಕವು 2500 ಗ್ರಾಂಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಶಿಶು ಎಂದು ದಾಖಲಾಗುತ್ತದೆ ಮತ್ತು ಆಶಾ ಕಾರ್ಯಕರ್ತೆಯೂ ಆರೋಗ್ಯ ಕೇಂದ್ರವೂ ಅದರ ಮೇಲೆ ಕಣ್ಣಿಡುತ್ತವೆ. 36 ವಾರಕ್ಕೆ ಹುಟ್ಟಿದ ಮಗು 2600 ಗ್ರಾಂ ತೂಗಿದರೆ ಅದು ಈ ಪಟ್ಟಿಗೆ ಸೇರುವುದಿಲ್ಲ. ತೂಕ ಸರಿ ಇದೆ, ಅಳು ಸರಿ ಇದೆ, ಆದ್ದರಿಂದ ಮಗು ಸರಿ ಇದೆ ಎಂದು ಎಲ್ಲರೂ ಭಾವಿಸುತ್ತಾರೆ. ಜನನ ತೂಕದ ಪಕ್ಕದಲ್ಲಿ ಗರ್ಭದ ವಾರಗಳನ್ನೂ ಬರೆದಿದ್ದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಾಂಕವೂ ನಿರೀಕ್ಷಿತ ಹೆರಿಗೆ ದಿನಾಂಕವೂ ಇರುತ್ತವೆ. ನಿರೀಕ್ಷಿತ ದಿನಾಂಕಕ್ಕಿಂತ 21 ದಿನಗಳಿಗೂ ಮೀರಿ ಮೊದಲೇ ಹೆರಿಗೆಯಾಗಿದ್ದರೆ ಆ ಶಿಶುವಿನ ಹೆಸರಿನ ಮುಂದೆ ಒಂದು ಗುರುತು ಹಾಕಲು ಬೇರೆ ಯಾವ ತಾಂತ್ರಿಕ ಜ್ಞಾನವೂ ಬೇಕಿಲ್ಲ.

ಶರೀರದ ಒಳಗೆ ಬಾಕಿ ಉಳಿದ ಕೆಲಸ

ಕಾಂಕ್ರೀಟ್ ರಸ್ತೆಯ ಕಾಮಗಾರಿಯನ್ನು ಹತ್ತಿರದಿಂದ ನೋಡಿದ ಸದಸ್ಯರಿಗೆ ಒಂದು ವಿಷಯ ಗೊತ್ತಿರುತ್ತದೆ. ಮೂರನೆಯ ದಿನಕ್ಕೆ ರಸ್ತೆಯು ನೋಡಲು ಸಿದ್ಧವಾದಂತೆಯೇ ಇರುತ್ತದೆ. ಆದರೂ ಅದರ ಮೇಲೆ ಲಾರಿ ಬಿಡುವುದಿಲ್ಲ, ನೀರು ನಿಲ್ಲಿಸಿ ಕ್ಯೂರಿಂಗ್ ಮುಂದುವರಿಸುತ್ತಾರೆ. ಹೊರಗಿನ ಆಕಾರ ಮುಗಿದಿದ್ದರೂ ಒಳಗಿನ ಬಲ ಬಂದಿರುವುದಿಲ್ಲ. ಕೆಲವೇ ವಾರ ಮುಂಚೆ ಹುಟ್ಟಿದ ಶಿಶುವಿನ ಸ್ಥಿತಿಯೂ ಹೀಗೆಯೇ.

34 ವಾರದ ಶಿಶುವಿನ ಮೆದುಳಿನ ತೂಕವು ಪೂರ್ಣಾವಧಿಯ ಶಿಶುವಿನ ಮೆದುಳಿನ ಸುಮಾರು ಮೂರನೆಯ ಎರಡು ಭಾಗದಷ್ಟಿರುತ್ತದೆ. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಂದಕ್ಕೊಂದು ಅಡ್ಡಬಾರದಂತೆ ಹೊಂದಿಸಿಕೊಳ್ಳುವ ಸಾಮರ್ಥ್ಯವು ಸುಮಾರು 34ನೆಯ ವಾರದ ಹೊತ್ತಿಗೆ ಆಗತಾನೇ ಮೂಡುತ್ತಿರುತ್ತದೆ. ಅದು ಪಳಗಲು ಇನ್ನೂ ಕೆಲವು ವಾರ ಬೇಕು. ಚರ್ಮದ ಕೆಳಗಿನ ಕೊಬ್ಬು ಸಂಗ್ರಹವಾಗುವುದು ಗರ್ಭದ ಕೊನೆಯ ವಾರಗಳಲ್ಲಿ, ಆದ್ದರಿಂದ ಇಂತಹ ಮಗು ಬೇಗ ತಣ್ಣಗಾಗುತ್ತದೆ. ರಕ್ತದಲ್ಲಿ ಸಕ್ಕರೆಯ ಅಂಶವು ಇಳಿಯುವ ಸಂಭವವೂ ಹೆಚ್ಚು. ಯಕೃತ್ತು ಪಕ್ವವಾಗಿರದ ಕಾರಣ ಕಾಮಾಲೆಯು ಹೆಚ್ಚಾಗಿ, ಹೆಚ್ಚು ದಿನ ಇರುತ್ತದೆ. ತಾಯಿಯಿಂದ ಶಿಶುವಿಗೆ ಕಬ್ಬಿಣಾಂಶ ವರ್ಗಾವಣೆಯಾಗುವುದೂ ಮುಖ್ಯವಾಗಿ ಕೊನೆಯ ಮೂರು ತಿಂಗಳಲ್ಲಿಯೇ. ಅದರ ಕೊರತೆ ತಕ್ಷಣ ಕಾಣದೆ ಕೆಲವು ತಿಂಗಳ ನಂತರ ರಕ್ತಹೀನತೆಯಾಗಿ ಹೊರಬರುತ್ತದೆ.

ಇವೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದು ಮೊದಲ ಹತ್ತು ಹದಿನೈದು ದಿನಗಳಲ್ಲಿ. ಮಗು ನಾಲ್ಕು ಗುಟುಕು ಹೀರಿ ದಣಿದು ನಿದ್ರೆ ಹೋಗುತ್ತದೆ. ಹೊಟ್ಟೆ ತುಂಬಿತೆಂದು ಮನೆಯವರು ಮಲಗಿಸುತ್ತಾರೆ. ಹಾಲು ಸಾಲದೆ ಮಲ ವಿಸರ್ಜನೆ ಕಡಿಮೆಯಾಗುತ್ತದೆ, ಅದರಿಂದ ಕಾಮಾಲೆ ಏರುತ್ತದೆ. ಕಾಮಾಲೆ ಏರಿದಂತೆ ಮಂಪರು ಹೆಚ್ಚುತ್ತದೆ. ಮಂಪರು ಹೆಚ್ಚಿದಷ್ಟೂ ಹೀರುವುದು ಕಡಿಮೆಯಾಗುತ್ತದೆ. ಅತ್ತ ಮಗು ಹೀರದಿದ್ದರೆ ತಾಯಿಯ ಹಾಲಿನ ಉತ್ಪತ್ತಿಯೂ ಕುಗ್ಗುತ್ತದೆ. ಐದನೆಯ ಅಥವಾ ಆರನೆಯ ದಿನ ನೆಂಟರು ಬಂದು ನೋಡಿ 'ಎಷ್ಟು ಸಾಧು ಮಗು, ಅಳುವುದೇ ಇಲ್ಲ' ಎನ್ನುತ್ತಾರೆ. ದಿನ ತುಂಬಿದ ಮಗು ಹಸಿವಾದರೆ ಮನೆ ಎದ್ದು ನಿಲ್ಲುವಂತೆ ಅಳುತ್ತದೆ. ದಿನ ತುಂಬದ ಮಗುವಿಗೆ ಅಷ್ಟು ಅಳುವ ಶಕ್ತಿಯೇ ಇರುವುದಿಲ್ಲ. ಈ ಒಂದು ವಿಷಯವು ಪ್ರತಿ ಬಾಣಂತಿಯ ಮನೆಗೆ, ವಿಶೇಷವಾಗಿ ಬಾಣಂತನ ನೋಡಿಕೊಳ್ಳುವ ಅಜ್ಜಿಗೆ ತಲುಪಿದರೆ ಅರ್ಧ ಕೆಲಸ ಆದಂತೆ. ಮಗು ಶಾಂತವಾಗಿರುವುದನ್ನು ಗುಣವೆಂದು ಎಣಿಸದೆ ವಿಚಾರಿಸಬೇಕಾದ ಲಕ್ಷಣವೆಂದು ಎಣಿಸತಕ್ಕದ್ದು.

ಹಾಲೂಡಿಕೆ

ತಾಯಿಯ ಹಾಲಿಗಿಂತ ಉತ್ತಮವಾದ ಆಹಾರ ಈ ಶಿಶುವಿಗೆ ಇಲ್ಲ. ಮೊದಲ ದಿನಗಳ ಗಟ್ಟಿಯಾದ ಹಳದಿ ಹಾಲು ಪ್ರಮಾಣದಲ್ಲಿ ಅಲ್ಪವಾದರೂ ಸೋಂಕು ತಡೆಯುವ ಅಂಶಗಳಿಂದ ತುಂಬಿರುತ್ತದೆ. ಅದನ್ನು ಹಿಂಡಿ ಚೆಲ್ಲುವ ರೂಢಿ ಎಲ್ಲಿಯಾದರೂ ಉಳಿದಿದ್ದರೆ ನಿಲ್ಲಬೇಕು. ಸಾಧ್ಯವಿರುವ ಎಲ್ಲ ಸಂದರ್ಭಗಳಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕೆಂಬ ನಿಯಮವು ಈ ಶಿಶುಗಳಿಗೂ ಅನ್ವಯಿಸುತ್ತದೆ.

ಆನಂತರದ ನಿಯಮವು ಸ್ವಲ್ಪ ಬೇರೆ. ದಿನ ತುಂಬಿದ ಶಿಶುವಿಗೆ 'ಕೇಳಿದಾಗ ಕೊಡಿ' ಎಂದರೆ ಸಾಕು. ಇಲ್ಲಿ ಮಗು ಕೇಳುವುದಿಲ್ಲ, ಆದ್ದರಿಂದ ಗಡಿಯಾರ ನೋಡಿ ಕೊಡಬೇಕಾಗುತ್ತದೆ. ಎರಡು ಗಂಟೆಗೊಮ್ಮೆ, ಹೆಚ್ಚೆಂದರೆ ಮೂರು ಗಂಟೆಗೊಮ್ಮೆ, ಹಗಲು ರಾತ್ರಿ ಎನ್ನದೆ, ದಿನಕ್ಕೆ 8ರಿಂದ 12 ಬಾರಿ ಮಗುವನ್ನು ಎಬ್ಬಿಸಿ ಹಾಲೂಡಿಸಬೇಕು. ಹೊದಿಕೆ ಸಡಿಲಿಸಿ, ಅಂಗಾಲನ್ನು ಮೆಲ್ಲಗೆ ಉಜ್ಜಿ ಎಬ್ಬಿಸಬಹುದು. ರಾತ್ರಿಯ ಎರಡು ಸರದಿ ತಪ್ಪಿದರೆ ಆರೇಳು ಗಂಟೆ ಖಾಲಿ ಹೊಟ್ಟೆ. ಎರಡು ಕಿಲೋ ಚಿಲ್ಲರೆ ತೂಕದ ಶರೀರಕ್ಕೆ ಅದು ಬಹಳ ದೀರ್ಘ ಕಾಲ. ಸಿಸೇರಿಯನ್ ಆದ ತಾಯಿ ತಾನೇ ಎದ್ದು ಇದನ್ನೆಲ್ಲ ಮಾಡಲಾರಳು. ರಾತ್ರಿಯ ಸರದಿಗೆ ಎಬ್ಬಿಸಿ ಮಗುವನ್ನು ಕೈಗೆ ಕೊಡುವ ಕೆಲಸವನ್ನು ಗಂಡನಾಗಲಿ ಮನೆಯ ಹಿರಿಯರಾಗಲಿ ವಹಿಸಿಕೊಳ್ಳಬೇಕು.

ಮಗು ಎದೆಯಲ್ಲಿ ಸಾಕಷ್ಟು ಹೀರದಿದ್ದರೆ ಮೊದಲು ಹೀರಲು ಬಿಟ್ಟು, ಆಮೇಲೆ ಕೈಯಿಂದ ಹಾಲು ಹಿಂಡಿ ಕುಡಿಸುವ ಕ್ರಮವನ್ನು ಆಸ್ಪತ್ರೆಯಲ್ಲಿ ಕಲಿಸುತ್ತಾರೆ. ಹಿಂಡಿದ ಹಾಲನ್ನು ಕುಡಿಸಲು ನಮ್ಮ ಮನೆಗಳ ಹಳೆಯ ಸಾಧನವಾದ ಒಳಲೆಯೇ ಅತ್ಯಂತ ಸೂಕ್ತ. ಆಸ್ಪತ್ರೆಗಳಲ್ಲಿ ಇಂದು ಪಲಾಡ ಎಂದು ಕರೆಯುವ ಪಾತ್ರೆ ಇದೇ ಜಾತಿಯದು. ಒಳಲೆಯನ್ನೂ ಹಾಲು ಹಿಂಡುವ ಸ್ಟೀಲ್ ಬಟ್ಟಲನ್ನೂ ಪ್ರತಿ ಬಾರಿ ತೊಳೆದು ಕುದಿಸಬೇಕು. ಕೈಯನ್ನು ಸೋಪಿನಿಂದ ತೊಳೆಯಬೇಕು. ಮಗುವಿನ ತಲೆಯನ್ನು ಎತ್ತಿ ಹಿಡಿದು, ತುಟಿಯ ಅಂಚಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಮಲಗಿಸಿಕೊಂಡು ಮೂಗು ಹಿಡಿದು ಸುರಿಯುವ ಅಭ್ಯಾಸ ಅಪಾಯಕಾರಿ, ಏಕೆಂದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಬಾಟಲಿ ಬೇಡ. ಅದನ್ನು ಶುಚಿಯಾಗಿಡುವುದು ಕಷ್ಟ, ಮತ್ತು ಬಾಟಲಿಯ ರೂಢಿಯಾದ ಮಗು ಎದೆಯನ್ನು ಹಿಡಿಯಲು ತೊಡಕಾಗುತ್ತದೆ. ಹಿಂಡಿದ ಹಾಲನ್ನು ಮುಚ್ಚಿಟ್ಟು ನಾಲ್ಕು ಗಂಟೆಯೊಳಗೆ ಬಳಸಬೇಕು. ಒಂದು ಸಲಕ್ಕೆ ಎಷ್ಟು ಕುಡಿಸಬೇಕೆಂಬುದು ಮಗುವಿನ ತೂಕ ಮತ್ತು ದಿನಗಳ ಮೇಲೆ ನಿಂತಿರುವುದರಿಂದ ಮನೆಗೆ ಹೊರಡುವಾಗಲೇ ವೈದ್ಯರಿಂದ ಬರೆಸಿಕೊಳ್ಳುವುದು ಒಳ್ಳೆಯದು.

ಜೇನುತುಪ್ಪ, ಸಕ್ಕರೆ ನೀರು, ಹಸುವಿನ ಹಾಲು, ಹರಳೆಣ್ಣೆ, ತೇಯ್ದ ಬಜೆ ಇವುಗಳನ್ನು ನೆಕ್ಕಿಸುವ ಪದ್ಧತಿ ಹಲವೆಡೆ ಉಳಿದಿದೆ. ಇವುಗಳ ಹಿಂದೆ ಇರುವುದು ಅಕ್ಕರೆಯೇ ಹೊರತು ಅಜ್ಞಾನವೆಂದು ಗದರಿಸಿ ಪ್ರಯೋಜನವಿಲ್ಲ. ಆದರೆ ಇವುಗಳಿಂದ ಸೋಂಕಿನ ಅಪಾಯವಿದೆ. ಜೊತೆಗೆ, ಒಂದು ಚಮಚದಷ್ಟೇ ಹಿಡಿಸುವ ಹೊಟ್ಟೆಯಲ್ಲಿ ಹಾಲಿನ ಜಾಗವನ್ನು ನೀರು ಆಕ್ರಮಿಸಿಕೊಳ್ಳುತ್ತದೆ. ಬೆಳವಣಿಗೆ ಸಾಲದೆಂದು ಅಂಗಡಿಯ ಡಬ್ಬಿ ಹಾಲಿನ ಪುಡಿಗೆ ಕೈಹಾಕುವುದು ಮತ್ತೊಂದು ಬಗೆಯ ತಪ್ಪು. ವೈದ್ಯರು ಕಾರಣ ಕಂಡು ಬರೆದುಕೊಟ್ಟಾಗ ಮಾತ್ರ ಅದು ಆಹಾರ. ಇಂತಹ ಪುಡಿಗಳನ್ನೂ ಬಾಟಲಿಗಳನ್ನೂ ಜಾಹೀರಾತಿನ ಮೂಲಕ ಅಥವಾ ಉಚಿತ ಮಾದರಿ ಹಂಚಿ ಪ್ರಚಾರ ಮಾಡುವುದನ್ನು 1992ರ ಕೇಂದ್ರ ಕಾಯಿದೆಯು ನಿಷೇಧಿಸಿದೆ ಎಂಬುದು ಸದಸ್ಯರಿಗೆ ತಿಳಿದಿರಲಿ.

ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಮನೆಯಲ್ಲಿಯೇ ನೋಡಬಹುದಾದ ಗುರುತೊಂದಿದೆ. ಮೊದಲ ವಾರದ ಕೊನೆಗೆ ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿರಬೇಕು ಮತ್ತು ಮಲದ ಬಣ್ಣ ಕಪ್ಪಿನಿಂದ ಹಳದಿಗೆ ತಿರುಗಿರಬೇಕು. ಒದ್ದೆಯಾದ ಬಟ್ಟೆಗಳನ್ನು ಎಣಿಸುವುದು ಅಜ್ಜಿಯರಿಗೆ ಹೊಸ ವಿದ್ಯೆಯೇನೂ ಅಲ್ಲ.

ತಾಯಿಯ ಊಟದ ಬಗ್ಗೆಯೂ ಒಂದು ಮಾತು. ಬಾಣಂತಿಗೆ ನೀರು ಕಡಿಮೆ ಕೊಡುವುದು, ಬರೀ ಅನ್ನ ಸಾರಿಗೆ ಸೀಮಿತಗೊಳಿಸುವುದು ಕೆಲವು ಮನೆಗಳಲ್ಲಿ ಇಂದಿಗೂ ಇದೆ. ಬಾಯಾರಿಕೆಗೆ ತಕ್ಕಷ್ಟು ನೀರು, ಬೇಳೆ, ಸೊಪ್ಪು, ಮೊಟ್ಟೆ, ಹಾಲು ಆಕೆಗೆ ಬೇಕು. ಮಾತೃಪೂರ್ಣ ಯೋಜನೆಯಡಿ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟದ ವ್ಯವಸ್ಥೆ ಇದೆ. ಅವಧಿಗೆ ಮುನ್ನ ಹೆತ್ತ ತಾಯಿ ಅಂಗನವಾಡಿಯವರೆಗೆ ನಡೆದು ಬರಲಾಗದ ವಾರಗಳಲ್ಲಿ ಆ ಊಟದ ಗತಿ ಏನಾಗುತ್ತಿದೆ ಎಂದು ವಿಚಾರಿಸಲು ವಾರ್ಡಿನ ಸದಸ್ಯರಿಗಿಂತ ಹತ್ತಿರದವರು ಇಲ್ಲ.

ಬೆಚ್ಚಗಿಡುವುದು

ಬೆಚ್ಚಗಿಡುವುದೂ ಆಹಾರದ ವಿಷಯವೇ. ಮಗು ತಣ್ಣಗಾದರೆ ಕುಡಿದ ಹಾಲೆಲ್ಲ ಶರೀರವನ್ನು ಬಿಸಿಯಾಗಿಡಲು ಖರ್ಚಾಗಿ, ಬೆಳೆಯಲು ಉಳಿಯುವುದಿಲ್ಲ. ತಾಯಿಯ ಎದೆಗೆ ಮಗುವನ್ನು ಚರ್ಮಕ್ಕೆ ಚರ್ಮ ತಾಗುವಂತೆ ನೆಟ್ಟಗೆ ಇರಿಸಿ ಬಟ್ಟೆಯಿಂದ ಕಟ್ಟುವ ಕಾಂಗರೂ ತಾಯಿ ಆರೈಕೆಯು 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ, ಇನ್‌ಕ್ಯುಬೇಟರುಗಳ ಕೊರತೆಯ ನಡುವೆ, ಡಾ. ಎಡ್ಗರ್ ರೇ ಸನಾಬ್ರಿಯಾ ಅವರಿಂದ ಆರಂಭವಾಯಿತು. ಬಡತನದ ಪರ್ಯಾಯವೆಂದು ಶುರುವಾದ ಈ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರ ಶಿಫಾರಸಿನಲ್ಲಿ ಎಲ್ಲ ಅವಧಿಪೂರ್ವ ಮತ್ತು ಕಡಿಮೆ ತೂಕದ ಶಿಶುಗಳಿಗೂ ಸೂಚಿಸಿದೆ. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳಿಂದ ಹಿಡಿದು ಮನೆಯವರೆಗೆ ಇದನ್ನು ಹೇಗೆ ವಿಸ್ತರಿಸಬಹುದೆಂಬ ಅಧ್ಯಯನವೂ ನಡೆದಿದೆ. ತಾಯಿ ದಣಿದಾಗ ತಂದೆ ಅಥವಾ ಅಜ್ಜಿ ಮಗುವನ್ನು ಹೀಗೆ ಎದೆಗೆ ಹಾಕಿಕೊಳ್ಳಬಹುದು. ಖರ್ಚಿಲ್ಲ, ವಿದ್ಯುತ್ ಬೇಕಿಲ್ಲ. ಬೇಕಾದದ್ದು ಒಂದು ಮಂಚ, ಒಂದು ಮರೆ ಮತ್ತು ಸಮಯ. ಕೆಂಡದ ಬಾಣಲೆ, ಸಾಂಬ್ರಾಣಿ ಹೊಗೆ, ಮೊದಲ ದಿನಗಳ ಎಣ್ಣೆ ನೀರಿನ ಸ್ನಾನ ಇವು ಆ ಕೆಲಸವನ್ನು ಮಾಡುವುದಿಲ್ಲ. ಹೊಗೆಯು ಉಸಿರಾಟಕ್ಕೆ ತೊಂದರೆ, ಸ್ನಾನವು ಮಗುವನ್ನು ತಣ್ಣಗಾಗಿಸುತ್ತದೆ.

ತೂಕದ ದಾಖಲೆಯನ್ನು ಓದುವ ಬಗೆ

ಹುಟ್ಟಿದ ಮೊದಲ ದಿನಗಳಲ್ಲಿ ಎಲ್ಲ ಶಿಶುಗಳ ತೂಕವೂ ಸ್ವಲ್ಪ ಇಳಿಯುತ್ತದೆ. ಆನಂತರ ಏರತೊಡಗಿ ಎರಡು ವಾರಗಳ ಹೊತ್ತಿಗೆ ಜನನ ತೂಕಕ್ಕೆ ಮರಳಬೇಕು. ಅಲ್ಲಿಂದ ಮುಂದೆ ದಿನಕ್ಕೆ 20ರಿಂದ 30 ಗ್ರಾಂ, ವಾರಕ್ಕೆ ಸುಮಾರು 150ರಿಂದ 200 ಗ್ರಾಂ ಏರಿಕೆ ನಿರೀಕ್ಷಿತ.

ಉದಾಹರಣೆಗಾಗಿ ಎರಡು ಶಿಶುಗಳನ್ನು ಕಲ್ಪಿಸಿಕೊಳ್ಳಬಹುದು. ಒಂದು 35 ವಾರಕ್ಕೆ ಹುಟ್ಟಿ 2300 ಗ್ರಾಂ ಇತ್ತು. ಅದು 3ನೆಯ ದಿನ 2160, 7ನೆಯ ದಿನ 2200, 14ನೆಯ ದಿನ 2320, 21ನೆಯ ದಿನ 2500 ಗ್ರಾಂ ತೂಗಿತು. ಇನ್ನೊಂದು 36 ವಾರಕ್ಕೆ ಹುಟ್ಟಿ 2600 ಗ್ರಾಂ ಇತ್ತು. ಅದು 3ನೆಯ ದಿನ 2440, 7ನೆಯ ದಿನ 2380, 14ನೆಯ ದಿನ 2420, 21ನೆಯ ದಿನ 2500 ಗ್ರಾಂ ತೂಗಿತು. 21ನೆಯ ದಿನದ ಕಾಲಂ ಒಂದನ್ನೇ ನೋಡಿದರೆ ಎರಡೂ ಮಕ್ಕಳು ಸಮಾನ. ಸಾಲನ್ನು ಎಡದಿಂದ ಬಲಕ್ಕೆ ಓದಿದರೆ ಮೊದಲನೆಯದು ಚೆನ್ನಾಗಿ ಬೆಳೆಯುತ್ತಿದೆ. ಎರಡನೆಯದು ಮೂರು ವಾರವಾದರೂ ಹುಟ್ಟಿದ ತೂಕಕ್ಕೆ 100 ಗ್ರಾಂ ಹಿಂದಿದೆ. ಅದನ್ನು 7ನೆಯ ದಿನವೇ, ತಡವೆಂದರೆ 14ನೆಯ ದಿನ, ವೈದ್ಯರಿಗೆ ತೋರಿಸಬೇಕಾಗಿತ್ತು. ವಿಚಿತ್ರವೆಂದರೆ ಕಡಿಮೆ ತೂಕದ ಪಟ್ಟಿಯಲ್ಲಿ ಹೆಸರಿರುವುದು ಚೆನ್ನಾಗಿ ಬೆಳೆಯುತ್ತಿರುವ ಮೊದಲನೆಯ ಮಗುವಿನದು. ಒಂದು ಅಳತೆಯಿಂದ ಸ್ಥಿತಿ ತಿಳಿಯಬಹುದು. ದಿಕ್ಕು ತಿಳಿಯಲು ಕನಿಷ್ಠ ಎರಡು ಮೂರು ಅಳತೆ ಬೇಕು.

ಅಳತೆಯ ಸಾಧನದ ಬಗ್ಗೆಯೂ ಯೋಚಿಸಬೇಕು. ತೂಗುವ ಸ್ಪ್ರಿಂಗ್ ತಕ್ಕಡಿಯಲ್ಲಿ ಗೆರೆಯಿಂದ ಗೆರೆಗೆ 100 ಗ್ರಾಂ ಅಂತರವಿದ್ದರೆ ಮೇಲಿನ ಎರಡನೆಯ ಮಗುವಿನ 2380 ಮತ್ತು 2420 ಎರಡೂ 2400 ಎಂದೇ ಬರೆಯಲ್ಪಡುತ್ತವೆ. 10 ಗ್ರಾಂ ತೋರಿಸುವ ಡಿಜಿಟಲ್ ಶಿಶು ತಕ್ಕಡಿಯೊಂದು ಗ್ರಾಮದಲ್ಲಿದ್ದರೆ ಈ ತೊಡಕು ಇರುವುದಿಲ್ಲ. ಎಷ್ಟೋ ಕಡೆ ತಕ್ಕಡಿ ಇದ್ದೂ ಬ್ಯಾಟರಿ ಇಲ್ಲದೆ ಮೂಲೆ ಸೇರಿರುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಅನಿರ್ಬಂಧಿತ ಅನುದಾನದಲ್ಲಿ ಇಂತಹ ಸಣ್ಣ ಅಗತ್ಯಗಳನ್ನು ಪೂರೈಸುವ ಬಗ್ಗೆ ಸಮಿತಿಯ ಸಭೆಯಲ್ಲಿ ಚರ್ಚಿಸಿ ನಿರ್ಣಯ ಕೈಗೊಳ್ಳಬಹುದು. ತಕ್ಕಡಿಯು ಸರಿ ಇದೆಯೇ ಎಂದು ನೋಡಲು ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಇಟ್ಟು ನೋಡಿದರೂ ಒಂದು ಅಂದಾಜು ಸಿಗುತ್ತದೆ. ಮಗುವನ್ನು ಪ್ರತಿ ಸಲವೂ ಅದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ, ಸಾಧ್ಯವಾದರೆ ಹಾಲೂಡಿಸುವ ಮೊದಲು ತೂಗತಕ್ಕದ್ದು. ದಿನವೂ ತೂಗಿ ಗಾಬರಿಪಡುವುದು ಅನವಶ್ಯಕ.

ತವರುಮನೆ ಮತ್ತು ತಪ್ಪಿಹೋಗುವ ಭೇಟಿಗಳು

ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಡಿ ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಶಿಶುವಿನ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡಬೇಕು. ಈ ಕ್ರಮದ ಮೂಲ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿದೆ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಹಳ್ಳಿಯ ಮಹಿಳೆಯರಿಗೇ ತರಬೇತಿ ನೀಡಿ ಮನೆಮನೆಯಲ್ಲಿ ನವಜಾತ ಶಿಶುಗಳ ಆರೈಕೆ ನಡೆಸಿದಾಗ ನವಜಾತ ಶಿಶು ಮರಣ ಪ್ರಮಾಣವು ಶೇ. 62ರಷ್ಟು ಇಳಿದದ್ದು 1999ರಲ್ಲಿ ಪ್ರಕಟವಾಯಿತು. 2011ರಿಂದ ಇದು ದೇಶದ ಕಾರ್ಯಕ್ರಮವಾಗಿದೆ. ತೂಗುವುದು, ಜ್ವರ ಅಥವಾ ತಣುವು ನೋಡುವುದು, ಹಾಲೂಡಿಕೆ ಗಮನಿಸುವುದು ಇವೆಲ್ಲ ಆ ಭೇಟಿಯ ಭಾಗ. ಅಂದರೆ ಮೇಲೆ ವಿವರಿಸಿದ ಅಪಾಯವನ್ನು ಹಿಡಿಯುವ ಜಾಲ ಈಗಾಗಲೇ ಇದೆ.

ಆ ಜಾಲದ ದೊಡ್ಡ ತೂತು ನಮ್ಮ ಬಾಣಂತನದ ಪದ್ಧತಿಯಲ್ಲಿದೆ. ಗರ್ಭಿಣಿಯ ನೋಂದಣಿ ಗಂಡನ ಊರಿನಲ್ಲಿ ಆಗಿರುತ್ತದೆ. ಸೀಮಂತದ ನಂತರ ಆಕೆ ತವರಿಗೆ ಹೋಗುತ್ತಾಳೆ. ಹೆರಿಗೆ ಮೂರನೆಯ ಕಡೆ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ. ಅಲ್ಲಿಂದ ಮಗು ತವರೂರಿಗೆ ಬಂದು ಮೂರು ಅಥವಾ ಐದು ತಿಂಗಳು ಉಳಿಯುತ್ತದೆ. ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರಿದೆ, ಮಗು ಇಲ್ಲ. ತವರೂರಿನ ಆಶಾ ಕಾರ್ಯಕರ್ತೆಯ ಊರಿನಲ್ಲಿ ಮಗು ಇದೆ, ಪಟ್ಟಿಯಲ್ಲಿ ಹೆಸರಿಲ್ಲ. ಅವಧಿಗೆ ಮುನ್ನ ಹೆರಿಗೆಯಾದಾಗ ಈ ತೂತು ಇನ್ನಷ್ಟು ಹಿಗ್ಗುತ್ತದೆ, ಏಕೆಂದರೆ ಯಾರೂ ಆ ವಾರದಲ್ಲಿ ಹೆರಿಗೆಯನ್ನು ನಿರೀಕ್ಷಿಸಿರುವುದಿಲ್ಲ. ಮಗು ಗಂಡನ ಊರಿಗೆ ಮರಳುವ ಹೊತ್ತಿಗೆ ಆರೂ ಭೇಟಿಗಳ ದಿನಾಂಕ ಮುಗಿದಿರುತ್ತದೆ. ಕಬ್ಬು ಕಟಾವಿಗೆ, ಇಟ್ಟಿಗೆ ಗೂಡಿಗೆ, ಕಾಫಿ ತೋಟಕ್ಕೆ ವಲಸೆ ಹೋಗುವ ಕುಟುಂಬಗಳ ವಿಷಯದಲ್ಲೂ ಇದೇ ಆಗುತ್ತದೆ. ಇದರಲ್ಲಿ ಯಾವ ಕಾರ್ಯಕರ್ತೆಯನ್ನೂ ದೂಷಿಸುವಂತಿಲ್ಲ. ಗಡಿಯ ಆಚೆ ಈಚೆ ಮಾಹಿತಿ ದಾಟದಿರುವುದೇ ದೋಷ.

ಇಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ಇರುವ ಅನುಕೂಲವು ಯಾವ ಇಲಾಖೆಗೂ ಇಲ್ಲ. ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾರ ಮನೆಗೆ ಮಗಳು ಬಾಣಂತನಕ್ಕೆ ಬಂದಳು ಎಂಬುದು ವಾರ್ಡಿನ ಸದಸ್ಯರಿಗೆ, ಅದರಲ್ಲೂ ಮಹಿಳಾ ಸದಸ್ಯರಿಗೆ, ಮೊದಲೇ ತಿಳಿದಿರುತ್ತದೆ. ಮಗಳು ಬಂದ ಮನೆಗೆ ಹೋದಾಗ ತಾಯಿ ಕಾರ್ಡ್ ಜೊತೆಯಲ್ಲಿ ಬಂದಿದೆಯೇ ಎಂದು ಕೇಳಿ, ಸ್ಥಳೀಯ ಆಶಾ ಕಾರ್ಯಕರ್ತೆಗೆ ತಿಳಿಸಬಹುದು. ಸೊಸೆ ಹೋದ ಮನೆಯಿಂದ ತವರೂರಿನ ಹೆಸರು ಪಡೆದು, ಇಲ್ಲಿಯ ಆಶಾ ಕಾರ್ಯಕರ್ತೆ ಅಲ್ಲಿಯವರಿಗೆ ದೂರವಾಣಿ ಮಾಡುವಂತೆ ನೋಡಿಕೊಳ್ಳಬಹುದು. ಒಂದೇ ಜಿಲ್ಲೆಯೊಳಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಇದು ಆಗುತ್ತದೆ. ಸಮಿತಿಯ ಮಾಸಿಕ ಸಭೆಯಲ್ಲಿ 'ಈ ತಿಂಗಳು ಎಷ್ಟು ಹೆರಿಗೆ' ಎಂಬ ಪ್ರಶ್ನೆಯ ಜೊತೆಗೆ 'ಅವುಗಳಲ್ಲಿ 37 ವಾರ ತುಂಬದೆ ಹುಟ್ಟಿದವು ಎಷ್ಟು, ಅವು ಈಗ ಯಾವ ಊರಿನಲ್ಲಿವೆ, 14ನೆಯ ದಿನದ ತೂಕ ಎಷ್ಟು' ಎಂದು ಕೇಳಿದರೆ ಮುಂದಿನ ತಿಂಗಳು ಉತ್ತರಗಳು ಸಿದ್ಧವಾಗಿಯೇ ಬರುತ್ತವೆ. ಆದರೆ ಗ್ರಾಮಸಭೆಯಲ್ಲಿ ತಾಯಿಯ ಅಥವಾ ಮಗುವಿನ ಹೆಸರು ಓದತಕ್ಕದ್ದಲ್ಲ. ದಿನ ತುಂಬದೆ ಹೆತ್ತಳು ಎಂಬ ಮಾತು ಊರಿನಲ್ಲಿ ಬಹಳ ಬೇಗ ತಾಯಿಯ ಮೇಲಿನ ಆರೋಪವಾಗಿ ತಿರುಗುತ್ತದೆ. ಅಧಿಕ ರಕ್ತದೊತ್ತಡ, ಸೋಂಕು, ಅವಳಿ ಗರ್ಭ ಇವು ಸಾಮಾನ್ಯ ಕಾರಣಗಳಾಗಿದ್ದು, ಹಲವು ಸಂದರ್ಭಗಳಲ್ಲಿ ಕಾರಣವೇ ತಿಳಿಯುವುದಿಲ್ಲ.

ಕಾಯದೆ ಕರೆದೊಯ್ಯಬೇಕಾದ ಸಂದರ್ಭಗಳು

ಮಗು ಹಾಲು ಹೀರುವುದನ್ನು ನಿಲ್ಲಿಸಿದರೆ, ಮುಟ್ಟಿದರೆ ಮಾತ್ರ ಅಲುಗಾಡಿದರೆ, ಸೆಳೆತ ಬಂದರೆ, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಬಾರಿ ಉಸಿರಾಡಿದರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆದುಕೊಂಡರೆ, ಮೈ ಬಿಸಿಯಾದರೆ ಅಥವಾ ಬೆಚ್ಚಗೆ ಮಾಡಿದರೂ ಅಂಗಾಲು ಹೊಟ್ಟೆ ತಣ್ಣಗೇ ಉಳಿದರೆ, ಅಂಗೈ ಅಂಗಾಲಿನವರೆಗೆ ಹಳದಿ ಇಳಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ. 108 ಆಂಬುಲೆನ್ಸ್ ಉಚಿತ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅನಾರೋಗ್ಯಪೀಡಿತ ಶಿಶುವಿಗೆ ಒಂದು ವರ್ಷದವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ಪರೀಕ್ಷೆ ಮತ್ತು ಸಾಗಣೆ ಎಲ್ಲವೂ ಉಚಿತವಾಗಿವೆ. ದಾರಿಯುದ್ದಕ್ಕೂ ಮಗುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಇರಿಸಿ, ಕುಡಿಯುವ ಸ್ಥಿತಿಯಲ್ಲಿದ್ದರೆ ಹಾಲೂಡಿಸುತ್ತ ಒಯ್ಯಬೇಕು. ರಾತ್ರಿ ವಾಹನ ತಲುಪದ ಜನವಸತಿಗಳಿದ್ದಲ್ಲಿ ಅವುಗಳಿಗೆ ಬದಲಿ ವಾಹನದ ವ್ಯವಸ್ಥೆಯನ್ನು ಪಂಚಾಯಿತಿಯು ಮೊದಲೇ ಗುರುತಿಸಿಟ್ಟಿರುವುದು ಸೂಕ್ತ.

ಆರು ವಾರಗಳ ನಂತರ

ಆರು ವಾರ ದಾಟಿದ ಮೇಲೆ ಬಹುಪಾಲು ಶಿಶುಗಳು ಚೆನ್ನಾಗಿ ಹೀರಿ ಬೇಗ ಬೆಳೆಯುತ್ತವೆ. ಆಗ ಎದುರಾಗುವ ಗೊಂದಲ ವಯಸ್ಸಿನದು. ಐದು ವಾರ ಮುಂಚೆ ಹುಟ್ಟಿದ ಮಗುವಿಗೆ ಹುಟ್ಟಿದ ದಿನದಿಂದ ಆರು ತಿಂಗಳಾದಾಗ, ಬೆಳವಣಿಗೆಯ ಲೆಕ್ಕದಲ್ಲಿ ಐದು ತಿಂಗಳು ತುಂಬುವುದರಲ್ಲಿರುತ್ತದೆ. ಮಗುಚಿಕೊಳ್ಳುವುದು, ಕೂರುವುದು, ನಿಲ್ಲುವುದು ಇವುಗಳನ್ನೂ ತೂಕ ಎತ್ತರಗಳನ್ನೂ ಎರಡು ವರ್ಷದವರೆಗೆ ಹೀಗೆ ತಿದ್ದಿದ ವಯಸ್ಸಿಗೆ ಹೋಲಿಸಬೇಕು. ನೆರೆಮನೆಯ ಅದೇ ತಿಂಗಳ ಮಗುವಿಗೆ ಹೋಲಿಸಿ ತಾಯಿಯನ್ನು ಹಳಿಯುವುದು ಅನ್ಯಾಯ.

ಲಸಿಕೆಗೆ ಮಾತ್ರ ಈ ತಿದ್ದುಪಡಿ ಇಲ್ಲ. ಮಗು ಸಣ್ಣದಿದೆ, ಸ್ವಲ್ಪ ತುಂಬಿಕೊಳ್ಳಲಿ ಎಂದು ಲಸಿಕೆ ಮುಂದೂಡುವುದು ಬಹು ಸಾಮಾನ್ಯ ಮತ್ತು ತಪ್ಪು. ಹುಟ್ಟಿದ ದಿನಾಂಕದಿಂದಲೇ ಎಣಿಸಿ 6, 10 ಮತ್ತು 14ನೆಯ ವಾರಗಳ ಲಸಿಕೆಗಳನ್ನು ಕೊಡಿಸತಕ್ಕದ್ದು. ಸೋಂಕಿಗೆ ಹೆಚ್ಚು ಬೇಗ ತುತ್ತಾಗುವ ಮಗುವಿಗೆ ರಕ್ಷಣೆಯೂ ಅಷ್ಟೇ ಬೇಗ ಬೇಕು.

ಕಬ್ಬಿಣಾಂಶದ ಹನಿಯನ್ನೂ ವಿಟಮಿನ್ ಡಿ ಹನಿಯನ್ನೂ ಇಂತಹ ಶಿಶುಗಳಿಗೆ ವೈದ್ಯರು ಮೊದಲ ವಾರಗಳಲ್ಲಿಯೇ ಬರೆದುಕೊಡುವುದುಂಟು. ಪ್ರಮಾಣವು ತೂಕದ ಮೇಲೆ ನಿರ್ಧಾರವಾಗುವುದರಿಂದ ಮನೆಯವರು ತಾವಾಗಿಯೇ ಅಂಗಡಿಯಿಂದ ತಂದು ಹಾಕುವಂತಿಲ್ಲ, ಬರೆದುಕೊಟ್ಟದ್ದನ್ನು ಬಾಟಲಿ ಮುಗಿಯಿತೆಂದು ನಿಲ್ಲಿಸುವಂತೆಯೂ ಇಲ್ಲ. ಆರು ತಿಂಗಳವರೆಗೆ ಎದೆಹಾಲು ಮತ್ತು ಈ ಹನಿಗಳ ಹೊರತು ಬೇರೇನೂ ಬೇಡ. ಆರು ತಿಂಗಳಾಗುವ ಹೊತ್ತಿಗೆ ಕತ್ತು ನಿಂತು, ಆಸರೆಯಲ್ಲಿ ಕೂರುವಂತಾಗಿದ್ದರೆ ರಾಗಿ ಸರಿ, ಬೇಳೆ ಸೇರಿಸಿ ಮೆತ್ತಗೆ ಹಿಸುಕಿದ ಅನ್ನ, ಅದಕ್ಕೆ ಒಂದು ಚಮಚ ತುಪ್ಪ ಅಥವಾ ಎಣ್ಣೆ, ಅಂಗನವಾಡಿಯ ಪುಷ್ಟಿ ಇವುಗಳಿಂದ ಆರಂಭಿಸಬಹುದು. ಕತ್ತು ಇನ್ನೂ ನಿಲ್ಲದಿದ್ದರೆ ವೈದ್ಯರನ್ನು ಕೇಳಿ ದಿನ ನಿಗದಿ ಮಾಡಿಕೊಳ್ಳಬೇಕು. ನೀರಾದ ಗಂಜಿಯಿಂದ ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ. ಚಮಚ ಓರೆ ಮಾಡಿದರೂ ಜಾರಿ ಹೋಗದಷ್ಟು ಗಟ್ಟಿ ಇರಬೇಕು. 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿ ಆಶಾ ಕಾರ್ಯಕರ್ತೆಯ ಭೇಟಿಗಳು ಪುನಃ ಇವೆ. ಅಂಗನವಾಡಿಯಲ್ಲಿ ಬೆಳವಣಿಗೆಯ ನಕ್ಷೆ ತುಂಬುವಾಗ ಮಗು ಎಷ್ಟು ವಾರಕ್ಕೆ ಹುಟ್ಟಿತೆಂಬುದನ್ನು ನಕ್ಷೆಯ ಮೇಲ್ಭಾಗದಲ್ಲಿಯೇ ಬರೆದಿಟ್ಟರೆ, ಆ ಮಗು ಯಾವ ಊರಿಗೆ ಹೋದರೂ ಅದನ್ನು ತೂಗುವ ಮುಂದಿನ ಕಾರ್ಯಕರ್ತೆಗೆ ಲೆಕ್ಕ ತಪ್ಪುವುದಿಲ್ಲ.